ಡಬ್ಬಿಯ ತಳ

ಅಂಬ್ಲಿಗೊಳದ ನಾಲೆಗೆ ತಾಗಿದ ಮೂರೆಕರೆ ಗದ್ದೆ ಅಣ್ಣನ ಹೆಸರಿನಲ್ಲಿದ್ದಾಗ ಮಹೇಶ್ವರಪ್ಪನಿಗೆ ಯಾವ ಸಂಕಟವೂ ಇರಲಿಲ್ಲ. ಅಣ್ಣ ಸತ್ತು ಖಾತೆ ಅತ್ತಿಗೆ ನಿರ್ಮಲಮ್ಮನ ಹೆಸರಿಗೆ ಬದಲಾದಾಗಲೂ ಸುಮ್ಮನಿದ್ದ. ಅವಳಿಗೆ ಮಕ್ಕಳಿಲ್ಲ. ವಯಸ್ಸು ಅರವತ್ತು ದಾಟಿದೆ, ಬಿ.ಪಿ. ಬೇರೆ. ಅವಳ ನಂತರ ಗದ್ದೆ ಮನೆತನಕ್ಕೇ ವಾಪಸ್ ಬರಬೇಕು. ಆರು ವರ್ಷ ಅವನೇ ಉತ್ತಿದ್ದ, ಅವನೇ ನೀರು ಹಾಯಿಸಿದ್ದ, ಬದುವಿನ ಮೇಲೆ ನಿಂತು 'ನಮ್ಮ ಗದ್ದೆ' ಎಂದು ಹೋಗುವ ಬರುವವರಿಗೆಲ್ಲ ತೋರಿಸಿದ್ದ.

ತೊಂಬತ್ತೇಳರ ಸಂಕ್ರಾಂತಿಯ ಮಾರನೆಯ ದಿನ ಅವಳು ರೊಟ್ಟಿ ತಟ್ಟುತ್ತಾ, ಸಾರಿಗೆ ಉಪ್ಪು ಕಮ್ಮಿಯಾಗಿದೆ ಎನ್ನುವಷ್ಟು ಸಲೀಸಾಗಿ ಹೇಳಿದಳು:

"ಯುಗಾದಿ ಕಳೀಲಿ ಮಹೇಶಪ್ಪ, ಆ ಗದ್ದೇನ ಅಶ್ವಿನಿ ಹೆಸರಿಗೆ ದಾನಪತ್ರ ಮಾಡಿಸ್ತೀನಿ. ನೀನೇ ಮುಂದೆ ನಿಂತು ಮಾಡಿಸ್ಬೇಕು."

ಅಶ್ವಿನಿ ಅವಳ ತಮ್ಮನ ಮಗಳು, ಸೊರಬಕ್ಕೆ ಕೊಟ್ಟ ಹುಡುಗಿ. ತಿಂಗಳಿಗೊಮ್ಮೆ ಬಂದು ಅತ್ತೆಯ ತಲೆಗೆ ಎಣ್ಣೆ ಹಚ್ಚಿ ಹೋಗುತ್ತಿದ್ದಳು. ಎಣ್ಣೆ ಹಚ್ಚಿದ್ದಕ್ಕೆ ಮೂರೆಕರೆ.

ಮಹೇಶ್ವರಪ್ಪ ಅಡುಗೆಮನೆಯ ಹೊಸ್ತಿಲಾಚೆ ನಿಂತಿದ್ದ. ಐವತ್ತೆರಡು ವರ್ಷದಲ್ಲಿ ಅವನು ಯಾವ ಅಡುಗೆಮನೆಯ ಹೊಸ್ತಿಲನ್ನೂ ಸುಮ್ಮನೆ ದಾಟಿದವನಲ್ಲ. ಗಂಡಸಿಗೆ ಅಲ್ಲೇನು ಕೆಲಸ? ಅವನಿಗೆ ಸಿಟ್ಟು ಬಂತು. ಸಾಮಾನ್ಯವಾಗಿ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುವವನು ಅವತ್ತು, "ಆಗ್ಲಿ ಅತ್ತಿಗೆ, ನಿಮ್ಮಿಷ್ಟ" ಎಂದ. ಆ ಮಾತು ತನ್ನ ಬಾಯಿಂದ ಅಷ್ಟು ತಣ್ಣಗೆ ಬಂದಿದ್ದು ಕೇಳಿ ಅವನಿಗೇ ಗೊತ್ತಾಯಿತು, ತಾನು ಏನನ್ನೋ ತೀರ್ಮಾನಿಸಿಬಿಟ್ಟಿದ್ದೇನೆ ಎಂದು.

ಶಿಕಾರಿಪುರದ ಕೋರ್ಟಿನ ಮುಂದೆ ಕೂರುವ ವಕೀಲರೊಬ್ಬರನ್ನು ಕೇಳಿದ. ಆನವಟ್ಟಿಯ ಯಾರದೋ ಮನೆಯ ವಿಷಯ ಎಂಬಂತೆ ಕೇಳಿದ.

"ಪತ್ರ ಆಗೋ ಮುಂಚೆ ಆಯಮ್ಮ ತೀರಿಕೊಂಡ್ರೆ ಗಂಡನ ಕಡೆಯವರಿಗೇ ಬರುತ್ತೆ."

"ಪತ್ರ ಆದ್ಮೇಲೆ?"

"ಆದ್ಮೇಲೆ ಅವರು ಬದುವಿನ ಮೇಲೆ ಕೂತು ಬೇರೆಯವರ ಪೈರು ನೋಡ್ಬಹುದು, ರೀ. ಅದಕ್ಕೆ ಫೀಜಿಲ್ಲ."

ಮಹೇಶ್ವರಪ್ಪ ನಕ್ಕ. ಬರುವಾಗ ಮೂರು ಸಲ ಹಿಂದಕ್ಕೆ ತಿರುಗಿ ನೋಡಿದ. ವಕೀಲ ತನ್ನನ್ನೇ ನೋಡುತ್ತಿದ್ದಾನೇನೋ ಎಂಬ ಅನುಮಾನ. ವಕೀಲನೋ ಎಲೆಗೆ ಸುಣ್ಣ ಹಚ್ಚುತ್ತಿದ್ದ.

ದಾರಿ ತೋರಿಸಿದ್ದು ಅತ್ತಿಗೆಯ ಚಹಾ. ಎರಡು ವರ್ಷದ ಕೆಳಗೆ ಊರಿನ ಕಲ್ಯಾಣ ಮಂಟಪದಲ್ಲಿ ಪ್ರಕೃತಿ ಚಿಕಿತ್ಸೆಯ ಶಿಬಿರ ನಡೆದಿತ್ತು. ಬಿಳಿ ಪಂಚೆಯ ಮನುಷ್ಯನೊಬ್ಬ ಮೂರು ದಿನ ಭಾಷಣ ಮಾಡಿದ. ನಾವು ತಿನ್ನುವುದೆಲ್ಲ ಮೈಯೊಳಗೆ ವಿಷವಾಗಿ ನಿಲ್ಲುತ್ತದೆ, ಅದನ್ನು ದಿನಾ ಬೆಳಿಗ್ಗೆ ತೊಳೆದು ಹೊರಗೆ ಹಾಕಬೇಕು ಎಂದ. ಅದಕ್ಕೊಂದು ಪುಡಿ ಕೊಟ್ಟ, ಹೆಸರು ಶುದ್ಧಿ ಚಹಾ. ನೆಲನೆಲ್ಲಿ, ಅಮೃತಬಳ್ಳಿ, ಶುಂಠಿ, ಇನ್ನೂ ಏನೇನೋ. ಕಹಿಯೆಂದರೆ ಕಹಿ. ನಿರ್ಮಲಮ್ಮ ಅಂದಿನಿಂದ ಒಂದು ದಿನ ತಪ್ಪಿಸಿದವಳಲ್ಲ. ಸ್ನಾನ, ಲಿಂಗಪೂಜೆ, ಆಮೇಲೆ ಒಂದು ಚಮಚ ಪುಡಿಯ ಚಹಾ, ಆಮೇಲೆ ಅಂಗಳದಲ್ಲಿ ಇಪ್ಪತ್ತು ಸುತ್ತು ನಡಿಗೆ. ಮುಗಿಯುತ್ತ ಬಂದರೆ ಸೊರಬದ ಅಂಗಡಿಯಿಂದ ಅಶ್ವಿನಿ ಹೊಸ ಪೊಟ್ಟಣ ತಂದು ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸುತ್ತಿದ್ದಳು.

"ನೀನೂ ಒಂದ್ ಲೋಟ ಕುಡಿಯೋ ಮಹೇಶಪ್ಪ. ಸಿಟ್ಟು ಇಳೀತೈತೆ."

"ಸಿಟ್ಟು ಇಳಿದ್ರೆ ನಾನು ಬದುಕೋದು ಹೆಂಗೆ ಅತ್ತಿಗೆ?"

ಇದು ಅವರಿಬ್ಬರ ನಡುವೆ ಎರಡು ವರ್ಷದಿಂದ ನಡೆದುಬಂದ ಮಾತು. ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಎಂಟು ವರ್ಷ. ಅವನು ಬೆಲ್ಲದ ಗಡಿಗೆಯ ತಳ ಬಳಿದು ತಿಂದಿದ್ದಕ್ಕೆ ಅವ್ವ ಸೌಟಿನಲ್ಲಿ ಹೊಡೆದಾಗ ಅಡ್ಡ ಬಂದವಳು ಇದೇ ಅತ್ತಿಗೆ. ಅದು ನೆನಪಾದಾಗಲೆಲ್ಲ ಅವನು ಗದ್ದೆಯನ್ನು ನೆನಪು ಮಾಡಿಕೊಳ್ಳುತ್ತಿದ್ದ.

ಯೋಜನೆಯನ್ನು ಅವನು ಒಂದು ತಿಂಗಳು ಉತ್ತು ಹದ ಮಾಡಿದ. ಬಂದಳಿಕೆಯ ಹಾಳು ಗುಡಿಗಳ ಹಿಂದೆ ದನ ಕಾಯುವವರೆಲ್ಲ ದೂರವಿಡುವ ಒಂದು ಗಿಡವಿದೆ. ಅದರ ಬೇರು ಎಂಥದೆಂದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಅವರದೇ ಒಂದು ಎತ್ತು ಅದನ್ನು ಮೇದು ಮಧ್ಯಾಹ್ನದೊಳಗೆ ಬಿದ್ದಿತ್ತು. ಕೊಂಡು ತಂದರೆ ಮಾರಿದವನಿಗೆ ಬಾಯಿರುತ್ತದೆ. ಅಗೆದು ತಂದರೆ ಮಣ್ಣಿಗೆ ಬಾಯಿಲ್ಲ. ಒಬ್ಬನೇ ಹೋಗಿ ತಂದ. ಗದ್ದೆಯ ಪಂಪ್ ಮನೆಯಲ್ಲಿ ಒಣಗಿಸಿ, ಕಲ್ಲಿನ ಮೇಲೆ ಕುಟ್ಟಿ, ಆ ಕಲ್ಲನ್ನು ನಾಲೆಗೆ ಎಸೆದ. ಬಣ್ಣ ಚಹಾದ ಪುಡಿಯದೇ. ರುಚಿಯ ಚಿಂತೆಯಿರಲಿಲ್ಲ. ಅಷ್ಟು ಕಹಿಯೊಳಗೆ ಇನ್ನೊಂದು ಕಹಿಯನ್ನು ಯಾವ ನಾಲಿಗೆ ಹುಡುಕೀತು?

ಜಾಣತನವಿದ್ದದ್ದು ವಿಷದಲ್ಲಲ್ಲ, ದಿನದ ಲೆಕ್ಕದಲ್ಲಿ. ಇವತ್ತು ಹಾಕಿ ನಾಳೆ ಸತ್ತರೆ ನೋಟವೆಲ್ಲ ಗೋಡೆಯಾಚೆಯ ಮೈದುನನ ಮೇಲೆ ಬೀಳುತ್ತದೆ. ಹಳೆಯ ಮನೆಗೆ ನಡುವೆ ಗೋಡೆ ಹಾಕಿ ಎರಡು ಮಾಡಿದ್ದರು. ಅತ್ತ ಅವಳು, ಇತ್ತ ಇವನು ಮತ್ತು ಹೆಂಡತಿ ಲೋಕಮ್ಮ. ಆದ್ದರಿಂದ ಅವಳು ಸಾಯುವ ದಿನ ಅವನು ಇನ್ನೂರು ಮೈಲಿ ದೂರದಲ್ಲಿರಬೇಕು, ನಲವತ್ತು ಜನರ ಕಣ್ಣೆದುರಿಗೆ, ಹಣೆ ತುಂಬ ವಿಭೂತಿ ಹಚ್ಚಿಕೊಂಡು. ಊರಿನಿಂದ ಶ್ರೀಶೈಲಕ್ಕೆ, ದಾರಿಯ ಕ್ಷೇತ್ರಗಳನ್ನೆಲ್ಲ ಸುತ್ತಿಕೊಂಡು ಹೋಗುವ ಹನ್ನೆರಡು ದಿನದ ಯಾತ್ರೆಯ ಬಸ್ಸು ಹೊರಡುವುದಿತ್ತು. ಲೋಕಮ್ಮನದೂ ತನ್ನದೂ ಹೆಸರು ಬರೆಸಿದ.

"ಇಪ್ಪತ್ತೈದು ವರ್ಷದಿಂದ ಕೇಳ್ತಿದ್ದೆ. ಈಗೇನ್ರೀ ಒಮ್ಮೆಗೇ ಶಿವನ ಮೇಲೆ ಪ್ರೀತಿ?" ಎಂದಳು ಲೋಕಮ್ಮ.

ಆ ಪ್ರಶ್ನೆಯನ್ನು ಅವನು ಎರಡು ದಿನ ಮನಸ್ಸಿನಲ್ಲಿ ತಿರುವಿ ಹಾಕಿದ. ಇವಳಿಗೇನಾದರೂ ವಾಸನೆ ಬಡಿದಿದೆಯೇ? ಬಡಿದಿಲ್ಲವೆಂದು ಖಾತ್ರಿಯಾದ ಮೇಲೂ ಅವಳ ಮೇಲೊಂದು ಕಣ್ಣಿಟ್ಟ.

ಬಸ್ಸು ಹೊರಡುವುದಕ್ಕೆ ಐದು ದಿನ ಮುಂಚೆ, ಬೆಳಿಗ್ಗೆ, ನಿರ್ಮಲಮ್ಮ ಪೂಜೆಗೆ ಕೂತ ಹೊತ್ತಿನಲ್ಲಿ ಅವನು ಆ ಅಡುಗೆಮನೆಯ ಹೊಸ್ತಿಲು ದಾಟಿದ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಅವಳು ಅರ್ಧ ಗಂಟೆ ಏಳುವುದಿಲ್ಲ, ಮಾತಾಡುವುದಿಲ್ಲ, ದೃಷ್ಟಿ ಕದಲಿಸುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ಅಷ್ಟೇ. ಡಬ್ಬಿ ಒಲೆಯ ಮೇಲಿನ ಗೂಡಿನಲ್ಲಿತ್ತು. ಪುಡಿಯನ್ನು ಅವಳದೇ ಚಮಚದಲ್ಲಿ ಪೇಪರಿನ ಮೇಲೆ ಅಳೆದು ಸುರಿದ. ಸರಿಯಾಗಿ ಹದಿನೈದು. ಮೂರನ್ನು ಜೇಬಿನ ಚೀಟಿಗೆ ಹಾಕಿಕೊಂಡ. ತಾನು ತಂದ ಮೂರನ್ನು ತಳಕ್ಕೆ ಹಾಕಿ ಒತ್ತಿದ. ಮೇಲೆ ಹನ್ನೆರಡು ಚಮಚ ಒಳ್ಳೆಯ ಪುಡಿ. ಹನ್ನೆರಡು ದಿನ ಅವಳು ಆರೋಗ್ಯವಾಗಿರುತ್ತಾಳೆ. ಹದಿಮೂರನೆಯ ದಿನ ಚಮಚ ತಳಕ್ಕೆ ತಾಗುತ್ತದೆ. ಅಂದು ಅವನು ಮಲ್ಲಿಕಾರ್ಜುನನ ಮುಂದೆ ಕೈಮುಗಿದು ನಿಂತಿರುತ್ತಾನೆ.

ಉಳಿದದ್ದನ್ನೂ ಯೋಚಿಸಿದ್ದ. ಸುಡುವ ಜನವಾಗಿದ್ದರೆ ಚಿಂತೆಯೇ ಇರಲಿಲ್ಲ, ಇವರಲ್ಲಿ ಹೂಳುತ್ತಾರೆ. ಆದರೆ ಬಿ.ಪಿ. ಇದ್ದ ಮುದುಕಿಯ ಸಮಾಧಿಯನ್ನು ಯಾರು ಅಗೆಸುತ್ತಾರೆ? ಸಾವಿನ ಮನೆಯ ಅಡುಗೆಮನೆಯನ್ನು ಬೀದಿಯ ಹೆಂಗಸರೇ ಬಂದು ತೊಳೆದು ಬಳಿಯುತ್ತಾರೆ. ಡಬ್ಬಿಯನ್ನು ಅವರೇ ಬೂದಿ ಹಾಕಿ ಉಜ್ಜುತ್ತಾರೆ. ಅವನ ಕೆಲಸವನ್ನು ಊರೇ ಮುಗಿಸಿಕೊಡುತ್ತದೆ.

ಶ್ರೀಶೈಲದಲ್ಲಿ ಹದಿಮೂರನೆಯ ದಿನ ಅವನು ದರ್ಶನದ ಸಾಲಿನಲ್ಲಿ ಮೂರು ಗಂಟೆ ನಿಂತ. ಎಲ್ಲರಿಗೂ ಕಾಣುವಂತೆ ನಿಂತ, ಕಣ್ಣಲ್ಲಿ ನೀರೂ ತರಿಸಿಕೊಂಡ. ಸಂಜೆ ಎಸ್.ಟಿ.ಡಿ. ಬೂತಿನಿಂದ ಎದುರು ಮನೆಯ ಕಿರಾಣಿ ಅಂಗಡಿ ಸಂಗಮೇಶನಿಗೆ ಫೋನ್ ಮಾಡಿದ.

"ಎಲ್ಲಾ ಆರಾಮು ಮಾವ. ನಿಮ್ಮ ಅತ್ತಿಗೆ ಈಗಿನ್ನ ಬಂದು ಅವಲಕ್ಕಿ ಒಯ್ದ್ರು."

ಹದಿನಾಲ್ಕನೆಯ ದಿನವೂ ಆರಾಮು. ಹದಿನೈದನೆಯ ದಿನ ಸಂಗಮೇಶ, "ದಿನಾ ಫೋನ್ ಮಾಡ್ತೀರಲ್ಲ, ಊರಲ್ಲಿದ್ದಾಗ ಇಷ್ಟು ಕಾಳಜಿ ಇರ್ಲಿಲ್ಲ" ಎಂದು ನಕ್ಕ. ಮಹೇಶ್ವರಪ್ಪ ರಿಸೀವರ್ ಇಟ್ಟು ಬೆರಳು ಮಡಚಿ ದಿನ ಲೆಕ್ಕ ಹಾಕಿದ. ತಾನು ಎಣಿಸಿದ್ದು ತಪ್ಪೇ? ಇಲ್ಲ, ಎರಡು ಸಲ ಎಣಿಸಿದ್ದ. ಹಾಗಾದರೆ ಮುದುಕಿಗೆ ಗೊತ್ತಾಗಿದೆ. ಪೂಜೆಯಲ್ಲಿ ಕೂತಿದ್ದವಳು ಓರೆಗಣ್ಣಿನಲ್ಲಿ ನೋಡಿರಬೇಕು. ಡಬ್ಬಿಯನ್ನು ತೆಗೆದಿಟ್ಟು ಇವನು ಬರುವುದನ್ನೇ ಕಾಯುತ್ತಿರಬೇಕು, ಪಕ್ಕದಲ್ಲಿ ಪೊಲೀಸರನ್ನು ಕೂರಿಸಿಕೊಂಡು. ವಾಪಸು ಬರುವಾಗ ದಾರಿಯುದ್ದಕ್ಕೂ ಅವನು ಅನ್ನ ಮುಟ್ಟಲಿಲ್ಲ. ಯಾತ್ರೆಯ ಜನ, ಉಪವಾಸ ಮಾಡ್ತಿದಾರೆ, ಎಂಥ ಭಕ್ತಿ ಎಂದರು.

ಹದಿನೇಳನೆಯ ದಿನ ಬೆಳಿಗ್ಗೆ ಬಸ್ಸಿಳಿದ. ಪೊಲೀಸರಿರಲಿಲ್ಲ. ಲೋಕಮ್ಮ ಚೀಲ ಹೊತ್ತು ತಮ್ಮ ಬಾಗಿಲಿಗೆ ಹೋದಳು. ಅವನು ಪ್ರಸಾದದ ನೆಪ ಹಿಡಿದು ಅತ್ತಿಗೆಯ ಬಾಗಿಲಿಗೆ ಹೋದ. ನಿರ್ಮಲಮ್ಮ ಪೂಜೆ ಮುಗಿಸಿ ಒಲೆ ಹಚ್ಚುತ್ತಿದ್ದಳು. ಪಕ್ಕದ ಮನೆಯ ಬಸಕ್ಕ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಿದ್ದಳು.

"ಬಂದ್ಯೇನಪ್ಪ. ಅಯ್ಯೋ, ಮುಖ ಎಂಥ ಸೊರಗೈತೆ. ಬಾ, ಇಲ್ಲೇ ಬಾ."

ಅವಳ ಮುಖದಲ್ಲಿ ಏನೂ ಇರಲಿಲ್ಲ. ಅವನು ಹೊಸ್ತಿಲಲ್ಲೇ ನಿಂತು ಕಣ್ಣಾಡಿಸಿದ. ನೆಲದ ಮೇಲೆ ಕತ್ತರಿಸಿದ ಪೊಟ್ಟಣದ ಖಾಲಿ ಕವರು. ಗೂಡಿನಲ್ಲಿ ಡಬ್ಬಿ. ಅವಳು ಡಬ್ಬಿಯ ಮುಚ್ಚಳ ತೆಗೆದಳು, ಬಾಯಿಮಟ್ಟ ತುಂಬಿತ್ತು.

"ಹೊಸ ಪುಡಿ ಬಂತಾ ಅತ್ತಿಗೆ?"

"ಇವತ್ತೇ ಬೆಳಿಗ್ಗೆ ಬಂತು ನೋಡು, ಫಸ್ಟ್ ಬಸ್ಸಿಗೆ. ಆ ಕಂಡಕ್ಟ್ರು ರಜಾ ಹಾಕಿದ್ನಂತೆ. ನಾಲ್ಕು ದಿನ ಚಾ ಇಲ್ದೆ ನನ್ನ ಹೊಟ್ಟೆ ಕಲ್ಲಾಗೈತೆ."

"ಇವಳ ಹೊಟ್ಟೆ ಪುರಾಣ ಬೀದಿಗೆಲ್ಲ ಬಾಯಿಪಾಠ" ಎಂದಳು ಬಸಕ್ಕ.

ಮಹೇಶ್ವರಪ್ಪನ ಎದೆಯ ಮೇಲಿಂದ ಬಂಡೆ ಇಳಿಯಿತು. ಅಷ್ಟೇ ವಿಷಯ. ಏನೋ ಕಾರಣಕ್ಕೆ ತಳದ್ದನ್ನು ಮುಟ್ಟಿಲ್ಲ. ಈಗ ಆ ಮೂರು ಚಮಚದ ಮೇಲೆ ಒಂದಿಡೀ ಪೊಟ್ಟಣ ಬಿದ್ದಿದೆ. ಯುಗಾದಿಗೆ ಇನ್ನೂ ಹನ್ನೆರಡು ದಿನ. ತಾನೇ ಇನ್ನೊಂದು ಪೂಜೆಯ ಹೊತ್ತಿಗೆ ಬಂದು ಮೇಲಿನದನ್ನು ಇಳಿಸಿದರಾಯಿತು. ಅಷ್ಟರಲ್ಲಿ ಅವನಿಗೊಂದು ಯೋಚನೆ ಹೊಳೆಯಿತು, ಎಂಥ ಯೋಚನೆಯೆಂದರೆ ತನ್ನ ಬುದ್ಧಿಗೆ ತಾನೇ ಮೆಚ್ಚಿದ. ಅವಳು ಸತ್ತ ಮೇಲೆ ಯಾರಾದರೂ ಚಹಾದ ಮೇಲೆ ಬೆರಳು ತೋರಿಸಿದರೆ, ಬಸಕ್ಕನೇ ಸಾಕ್ಷಿ ಹೇಳಬೇಕು: ಮೈದುನನೂ ಅದೇ ಡಬ್ಬಿಯ ಚಹಾ ಕುಡಿದಿದ್ದ, ನನ್ನ ಕಣ್ಣೆದುರಿಗೇ ಕುಡಿದಿದ್ದ.

"ಅತ್ತಿಗೆ, ಇವತ್ತು ನಂಗೂ ಒಂದ್ ಲೋಟ ಮಾಡ್ರಿ. ಯಾತ್ರೆ ಮಾಡಿ ಬಂದೀನಿ, ಸಿಟ್ಟು ಬಿಡೋಣ ಅಂತ."

ನಿರ್ಮಲಮ್ಮ ಬಸಕ್ಕನ ಕಡೆ ತಿರುಗಿದಳು. ಕಣ್ಣು ತುಂಬಿಕೊಂಡಿತ್ತು. "ಕೇಳಿದ್ಯಾ ಬಸಕ್ಕ? ಎರಡು ವರ್ಷ ಆಯ್ತು ನಾನು ಬಡ್ಕೊಳ್ಳೋಕೆ."

ಚಮಚ ಡಬ್ಬಿಗೆ ಇಳಿಯಿತು. ಅವನು ಕಣ್ಣು ಕೀಲಿಸಿ ನೋಡಿದ. ಮೇಲಿನಿಂದಲೇ ತೆಗೆದಳು. ಒಂದು, ಎರಡು, ಮೂರು.

"ಮೂರಾ?"

"ದಾರಿ ಬಳಲಿಕೆ ಐತೆ. ಸುಮ್ನೆ ಕುಡಿ."

ಚಹಾ ಕುದಿಯಿತು, ಅವಳು ಸೋಸಿದಳು, ಲೋಟ ಕೈಗೆ ಬಂತು. ಇಷ್ಟು ಕಹಿಯನ್ನು ಈ ಹೆಂಗಸು ದಿನಾ ಹೇಗೆ ಕುಡಿಯುತ್ತಾಳೆ ಎಂದುಕೊಂಡ. ಬಸಕ್ಕ ನೋಡುತ್ತಿದ್ದಾಳೆಂದು ಮುಖ ಕಿವುಚದೆ, ಲೋಟವನ್ನು ಪೂರ್ತಿ ಎತ್ತಿ, ಕೊನೆಯ ಹನಿಯವರೆಗೂ ಕುಡಿದು, ಖಾಲಿ ಲೋಟವನ್ನು ಅವಳಿಗೆ ಕಾಣುವಂತೆ ಬಗ್ಗಿಸಿ ತೋರಿಸಿದ.

"ನಾಲ್ಕು ದಿನ ಸುಮ್ನೆ ಇದ್ದೆ ಅಂತೀಯಲ್ಲ ನಿರ್ಮಲಮ್ಮ, ಡಬ್ಬೀಲಿ ಸ್ವಲ್ಪನೂ ಇರ್ಲಿಲ್ವಾ?" ಎಂದು ಬಸಕ್ಕ ಕೇಳಿದಳು. "ಇತ್ತು, ಯಾವಾಗ್ಲೂ ಉಳಿಸೋ ಮೂರು ಚಮಚ ಇತ್ತು. ಆದ್ರೆ ತಳ ಬಳಿಬಾರ್ದಲ್ಲ. ಡಬ್ಬಿ ಬರಿದಾಗೋಕೆ ಬಿಡಬಾರ್ದು ಅಂತ ನಮ್ಮತ್ತೆ ಕಲಿಸಿದ್ದು, ಇದೇ ಅಡುಗೆಮನೇಲಿ. ಹೊಸದು ಬಂದ್ಮೇಲೆ ಹಳೇದನ್ನ ಮುಚ್ಚಳಕ್ಕೆ ತಕ್ಕೊಂಡು, ಹೊಸದು ಸುರಿದು, ಹಳೇದನ್ನ ಮೇಲೆ ಹಾಕೋದು, ಮೊದ್ಲು ಅದು ಖರ್ಚಾಗ್ಲಿ ಅಂತ" ಎಂದು ನಿರ್ಮಲಮ್ಮ ತನಗಾಗಿ ಇನ್ನೊಂದು ಲೋಟ ನೀರಿಟ್ಟಳು. "ತಳದ ಪುಡೀಲೇ ಸತ್ವ ಇರೋದು. ಮೂರೂ ಚಮಚ ಇವನಿಗೇ ಹಾಕಿದೆ. ನಂಗೆ ಹೊಸದೇ ಸಾಕು." ಅವ್ವನ ಸೌಟಿನ ಏಟು ಬಿದ್ದದ್ದು ಬೆಲ್ಲ ತಿಂದದ್ದಕ್ಕಲ್ಲ, ಗಡಿಗೆ ಬರಿದು ಮಾಡಿದ್ದಕ್ಕೆ ಎಂಬುದು ಮಹೇಶ್ವರಪ್ಪನಿಗೆ ನಲವತ್ತನಾಲ್ಕು ವರ್ಷದ ಮೇಲೆ ತಿಳಿಯಿತು. ಅವನು ಕೈಯಲ್ಲಿದ್ದ ಲೋಟದೊಳಗೆ ನೋಡಿದ. ತಳದಲ್ಲಿ ಒಂದು ಹನಿಯೂ ಉಳಿದಿರಲಿಲ್ಲ.