ಬೆನ್ನು ತಿರುಗಿಸಿ ಕೂತ ಡಾಕ್ಟರ್

ಪ್ರೇಮದ ಕಥೆ ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಎಲ್ಲಾದರೂ ತಪ್ಪಿದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ, ಅಷ್ಟೇ.

ಪರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕ ನರ್ಸ್ ಒಬ್ಬಳು ತನ್ನ ಬೆಕ್ಕಿನೊಂದಿಗೆ ವಿಮಾನ ಇಳಿದಳು. ಅದರ ಗತ್ತು ನೋಡಿ ಅದಕ್ಕೆ ‘ಸಾಹೇಬರು’ ಎಂದೇ ಹೆಸರು. ಅಲ್ಲಿ ಪ್ರಾಣಿಗಳನ್ನು ತಪಾಸಣೆ ಮಾಡುವ ಡಾಕ್ಟರ್ ಅವಳ ಭಾಷೆಯವನೇ. ಅವಳ ಜೀವ ತಂಪಾಯಿತು, ಅರೆಗಳಿಗೆ ಮಾತ್ರ.

“ರೇಬೀಸ್ ಇಂಜೆಕ್ಷನ್ ಮೊದಲು ಹಾಕ್ಸಿದ್ದೀರಿ, ಚರ್ಮದಡಿ ಹಾಕೋ ಗುರುತಿನ ಚಿಪ್ ಆಮೇಲೆ. ಚಿಪ್ ಇಲ್ಲದಾಗ ಹಾಕ್ಸಿದ್ದು ಇಲ್ಲಿ ಲೆಕ್ಕಕ್ಕಿಲ್ಲ. ಹೊಸದಾಗಿ ಹಾಕಿ, ಅದು ಮೈಗೆ ಹತ್ತೋವರೆಗೂ ಬೆಕ್ಕು ಇಲ್ಲೇ ಇರ್ಬೇಕು.”

“ಅಕ್ಕಿಕಾಳಿನಷ್ಟು ಚಿಪ್ ಕಣ್ರೀ! ಹಿಂದೆಮುಂದೆ ಆದ್ರೆ ಏನಾಗುತ್ತೆ?”

“ಇಂಜೆಕ್ಷನ್ ತಗೊಂಡಿದ್ದು ಇದೇ ಬೆಕ್ಕು ಅಂತ ಹೇಗೆ ನಂಬೋದು?”

“ನನ್ನ ಮುಖ ನೋಡಿ ನಂಬಿ.”

ಅವನು ನೋಡಿದ. ಬೇಕಾದ್ದಕ್ಕಿಂತ ತುಸು ಹೆಚ್ಚೇ ನೋಡಿದ. ಆಮೇಲೆ ಸಾಹೇಬರನ್ನು ಕ್ವಾರಂಟೈನ್ ಕೋಣೆಗೆ ಕಳಿಸಿದ.

ದಿನವಿಡೀ ಕಂಡವರಿಗೆಲ್ಲ ಸೂಜಿ ಚುಚ್ಚುವ ತನಗೇ ಈ ಗತಿಯೇ ಎಂದು ಅವಳು ಹಲ್ಲು ಕಡಿದಳು. ಡ್ಯೂಟಿ ಮುಗಿಸಿ, ಬಸ್ಸು ಬದಲಿಸಿ ಬಂದರೆ ಗಾಜಿನಾಚೆಯಿಂದ ನೋಡಬೇಕು, ಮುಟ್ಟುವಂತಿಲ್ಲ. ಸಾಹೇಬರು ಬಟ್ಟಲನ್ನು ಮೂಸಿಯೂ ನೋಡುತ್ತಿರಲಿಲ್ಲ. ಪಕ್ಕೆಲುಬು ಕಾಣತೊಡಗಿತು.

“ಹೀಗೇ ಆದ್ರೆ ವಾಪಸ್ ಕಳಿಸಬೇಕಾಗುತ್ತೆ,” ಎಂದ ಡಾಕ್ಟರ್.

“ಯಾರ ಹತ್ರ ಕಳಿಸ್ತೀರಿ? ಅಮ್ಮ ಹೋದ್ಮೇಲೆ ನಂಗೆ ಅವನು, ಅವನಿಗೆ ನಾನು.” ಸಿಟ್ಟಿನಲ್ಲೇ ಅವಳು ಗಾಜಿಗೆ ಅಂಗೈ ಒತ್ತಿದಳು. “ಯಾರಾದ್ರೂ ನೋಡ್ತಿದ್ರೆ ಅವನು ತಿನ್ನಲ್ಲ. ಒಬ್ಬನೇ ಇದ್ರೂ ತಿನ್ನಲ್ಲ. ಪಕ್ಕದಲ್ಲಿ ಬೆನ್ನು ತಿರುಗಿಸಿ ಕೂತ್ಕೋಬೇಕು. ನಿಮಗೆಲ್ಲಿ ಪುರುಸೊತ್ತು! ನಿಯಮ ಓದೋದಿರುತ್ತೆ.”

ಮರುದಿನ ಬಂದು ನೋಡಿದರೆ, ಡಾಕ್ಟರ್ ನೆಲದ ಮೇಲೆ ಕಾಲು ಮಡಚಿ, ಗೋಡೆಗೆ ಮುಖ ಮಾಡಿ ಕೂತಿದ್ದ. ಇಸ್ತ್ರಿ ಮಾಡಿದ ಕೋಟಿನ ತುಂಬ ಬೆಕ್ಕಿನ ಕೂದಲು. ಅವನ ಬೆನ್ನ ಹಿಂದೆ ಸಾಹೇಬರ ಊಟ ಗಂಭೀರವಾಗಿ ಸಾಗಿತ್ತು.

“ಇವತ್ತು ಅವರಿಗೆ ರಜ,” ಎಂದು ಕಾವಲಿನ ಹೆಂಗಸು ಪಿಸುಗುಟ್ಟಿದಳು.

ಅವಳ ಸಿಟ್ಟು ಇಳಿಯಿತೇ? ಎಲ್ಲಿಂದ! ಇಂಥವನ ಮೇಲೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲವಲ್ಲ ಎಂದು ಇನ್ನಷ್ಟು ಏರಿತು.

ದಿನಗಳು ಹೀಗೇ ಹೋದವು. ಬೆನ್ನು ತಿರುಗಿಸಿ ಕೂತವನ ಕತ್ತನ್ನು ನೋಡುತ್ತ ನಿಲ್ಲುವುದು ಅವಳಿಗೂ ಅಭ್ಯಾಸವಾಯಿತು. ಬಿಡುಗಡೆಯ ದಿನ ಸಾಹೇಬರಿದ್ದ ಬುಟ್ಟಿ ಕೊಡುವಾಗ ಅವನು ಏನೋ ಹೇಳಲು ಬಾಯಿ ತೆರೆದು ಮುಚ್ಚಿದ.

“ಹೇಳೋದಿದ್ರೆ ಹೇಳಿಬಿಡಿ.”

“ಇದೆ. ಆದ್ರೆ ಬೆಕ್ಕು ಗೇಟಿನೊಳಗೆ ಇರೋತನಕ ನಾನು ಡಾಕ್ಟರ್. ಸ್ವಂತ ವಿಷಯ ಮಾತಾಡೋ ಹಾಗಿಲ್ಲ.”

“ನಿಮ್ಮ ನಿಯಮಕ್ಕೆ ಬೆಂಕಿ ಹಾಕ!”

ಬುಟ್ಟಿ ಎತ್ತಿಕೊಂಡು ದಡದಡ ಗೇಟು ದಾಟಿ, ತಿರುಗಿ ನಿಂತಳು. “ದಾಟಾಯ್ತು. ಹೇಳ್ರೀ!”

ಅವನ ಕಿವಿ ಕೆಂಪಾಯಿತು. “ನೀವು ನಾಳೆಯಿಂದ ಬರಲ್ಲ ಅಂದ್ರೆ ನಂಗೂ ಊಟ ಸೇರಲ್ಲ.”

“ಇಷ್ಟು ಹೇಳೋಕೆ ಇಷ್ಟು ದಿನ ಹೊಟ್ಟೆ ಉರಿಸಿದ್ರಾ?” ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. “ಬಸ್ ಬಂತು. ಹತ್ತಿ.”

“ಡ್ಯೂಟಿ ಇನ್ನೂ ಮುಗಿದಿಲ್ಲ...”

“ಹತ್ತೀರೋ ಇಲ್ವೋ?”

ಕೋಟನ್ನೂ ಬಿಚ್ಚದೆ ಅವನು ಹತ್ತಿದ. ನಾನು ಕೇಳಿದ್ದು ಅಷ್ಟೇ. ಆಮೇಲೆ ಅವರಿಬ್ಬರೂ ಸುಖವಾಗಿದ್ದರೋ, ದಿನಾ ಜಗಳವಾಡಿದರೋ, ನನಗೆ ನಿಜವಾಗಿಯೂ ಗೊತ್ತಿಲ್ಲ.