ಸಾಕ್ಷಿ ತಲೆ ಎತ್ತಲಿಲ್ಲ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಉಲ್ಲಾಳದ ಹನುಮಕ್ಕ ಠಾಣೆಯ ಮೆಟ್ಟಿಲು ಹತ್ತಿದರು. ತಾವಿರುವ ಮನೆಯನ್ನು ಯಾರೋ ಟೇಪು ಹಿಡಿದು ಅಳೆಯುತ್ತಿದ್ದಾರೆ, ಕೇಳಿದರೆ ಕೊಂಡಿದ್ದೇವೆ ಅನ್ನುತ್ತಾರೆ ಎಂಬುದು ದೂರು. ವಿಧವೆ, ಆ ಮನೆ ಬಿಟ್ಟರೆ ಬೇರೆ ಸೂರಿಲ್ಲ. ಇನ್ಸ್‌ಪೆಕ್ಟರ್ ಶಶಿಕಲಾ ಎಫ್‌ಐಆರ್ ದಾಖಲಿಸಿ, ನೋಂದಣಿ ಕಚೇರಿಯಿಂದ ಕ್ರಯಪತ್ರದ ನಕಲು ತರಿಸಿದರು.

ಮಾರಿದವರ ಹೆಸರು ಹನುಮಕ್ಕ. ಫೋಟೊ ಬೇರೆ ಹೆಂಗಸಿನದು. ‘ಈಕೆಯನ್ನು ಬಲ್ಲೆ’ ಎಂದು ಸಹಿ ಹಾಕಿದ ಸಾಕ್ಷಿ, ಹನುಮಕ್ಕನ ಗಂಡನ ಅಣ್ಣ ಚಿಕ್ಕಮುನಿಯಪ್ಪ.

“ನಮ್ಮ ಬಾವ ಅಂಥೋರಲ್ಲ ಮೇಡಂ. ಊರೋರು ಪಾಲು ಮಾಡೋಕೂ ಅವರನ್ನೇ ಕರೀತಾರೆ. ಅವರ ಹೆಸರು ತೆಗೆದುಬಿಡಿ.”

“ತೆಗೆಯೋಕಾಗಲ್ಲಮ್ಮ.”

“ಹಂಗಾದ್ರೆ ದೂರೇ ಬೇಡ.”

“ಮನೆ?”

ಹನುಮಕ್ಕ ದೂರಿನ ಪ್ರತಿ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡರು.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಚಿಕ್ಕಮುನಿಯಪ್ಪ ತಾವೇ ಬಂದರು. ಹೆಡ್ ಕಾನ್‌ಸ್ಟೇಬಲ್ ದೊಡ್ಡಹನುಮಯ್ಯ ತನ್ನ ಕುರ್ಚಿ ಬಿಟ್ಟುಕೊಟ್ಟು, ತಾನು ಸ್ಟೂಲಿನ ಮೇಲೆ ಕೂತ.

“ಈ ಸಹಿ ನಿಮ್ದಾ?”

“ನಂದೇ.”

“ಹಾಕ್ಸಿದ್ದು ಯಾರು?”

“ಹೇಳಲ್ಲ ಅಂತ ಮಾತು ಕೊಟ್ಟಿದೀನಿ.”

“ಯಾರಿಗೆ?”

“ಅದು ಹೇಳಿದ್ರೆ ಹೇಳಿದಂಗೇ ಆಯ್ತಲ್ಲಮ್ಮ!”

ದೊಡ್ಡಹನುಮಯ್ಯ ನಗು ನುಂಗಿದ. ಶಶಿಕಲಾ ನಗಲಿಲ್ಲ. “ಹನುಮಕ್ಕ ಬೀದಿಗೆ ಬೀಳ್ತಾರೆ ತಾತ.”

ಮುದುಕರು ಬಾಯಿ ಬಿಟ್ಟರು. ಸಹಿ ಹಾಕಿಸಿದ್ದು ಅವರ ಅಕ್ಕನ ಮಗ ನಾಗರಾಜು, ಸೈಟು ಬ್ರೋಕರ್. “ಅತ್ತೆ ಕಷ್ಟಕ್ಕೆ ಮನೆ ಮಾರ್ತಾ ಇದಾರೆ, ನಿಮ್ಮೆದುರು ಹೇಳೋಕೆ ನಾಚ್ಕೆ, ಏನೂ ಕೇಳ್ಬೇಡಿ ಮಾವ ಅಂದ. ಕೇಳಲಿಲ್ಲ.”

“ಮುಖ ನೋಡ್ಲಿಲ್ವಾ?”

“ತಮ್ಮನ ಹೆಂಡ್ತಿ ಮುಖ ಯಾವತ್ತೂ ನೋಡಿದೋನಲ್ಲ. ಮದುವೆಯಾಗಿ ನಲವತ್ತು ವರ್ಷ. ನಾನು ಬಂದ್ರೆ ಅವಳು ಸೆರಗು ಎಳ್ಕೋತಾಳೆ, ನಾನು ಕಾಲು ನೋಡ್ಕೊಂಡು ಮಾತಾಡ್ತೀನಿ.”

“ಅವತ್ತೂ ಕಾಲು ನೋಡಿದ್ರಾ?”

“ನೋಡ್ದೆ. ಹನುಮಕ್ಕನ ಎಡಗಾಲ ಕಿರುಬೆರಳು ಹಸು ತುಳಿದು ಸೊಟ್ಟಗಾಗಿದೆ. ಆ ಬೆರಳು ನೆಟ್ಟಗಿತ್ತು.”

ಬರೆಯುತ್ತಿದ್ದ ಪೆನ್ನು ನಿಂತಿತು. “ಆದ್ರೂ ತಲೆ ಎತ್ತಲಿಲ್ವಾ?”

“ಎತ್ತಿ, ಅವಳೇ ಆಗಿದ್ದಿದ್ರೆ? ಮನೆ ಮಾರೋ ದಿನ, ಅಷ್ಟು ಜನರೆದುರು ಅವಮಾನ ಮಾಡಿದಂಗಾಗ್ತಿತ್ತಲ್ಲ. ನನ್ನ ಕಣ್ಣೇ ಸುಳ್ಳು ಅಂದ್ಕೊಂಡೆ.”

ಕಾಲಿನ ಮಾತು ಬರೆದರೆ ಇವರು ಆರೋಪಿ. ಬಿಟ್ಟರೆ ಮೋಸಹೋದ ಮುದುಕ. ಶಶಿಕಲಾ ಪೆನ್ನಿನ ಕ್ಯಾಪು ಹಾಕಿದರು. “ಕಾಲಿನ ವಿಷಯ ನಿಮಗೆ ಸರಿಯಾಗಿ ನೆನಪಿದೆಯಾ ತಾತ?”

ಆ ಕರುಣೆ ಅವರಿಗೆ ಅರ್ಥವಾಯಿತು. “ಬರ್ಕೊಳ್ಳಮ್ಮ. ಅವಳ ಮನೆ ಉಳೀಲಿ. ಒಂದು ಸಲ ಸುಳ್ಳಿಗೆ ಸಹಿ ಹಾಕಿದ್ದು ಸಾಕು.”

ಗುರುವಾರ ಬೆಳಿಗ್ಗೆ 6.40ಕ್ಕೆ ಆರ್‌ಪಿಸಿ ಲೇಔಟಿನ ಬಾಡಿಗೆ ಕೋಣೆಯಲ್ಲಿ ನಾಗರಾಜು ಸಿಕ್ಕಿಬಿದ್ದ. ಶೋಧಿಸಿದಾಗ ನಕಲಿ ಗುರುತಿನ ಚೀಟಿ ದೊರೆಯಿತು. ಹನುಮಕ್ಕನಾಗಿ ಕೂತಿದ್ದ ಹೆಂಗಸಿನ ವಿಳಾಸವೂ.

“ಸ್ವಂತ ಮಾವನೇ ಬೇಕಿತ್ತೇನೋ?”

“ಬೇರೆಯವರಾಗಿದ್ರೆ ಮುಖ ನೋಡ್ತಿದ್ರು ಮೇಡಂ.”

ಡೈರಿಯಲ್ಲಿ ಅವನ ಹೆಸರಿನ ಮುಂದೆ ಶಶಿಕಲಾ ಅಪರಾಧದ ಕಾರಣ ‘ದುರಾಸೆ’ ಎಂದು ಬರೆದರು. ಮೂರನೆಯ ಆರೋಪಿ ಚಿಕ್ಕಮುನಿಯಪ್ಪನ ಮುಂದೆ ಬರೆಯಲು ಪದ ಹೊಳೆಯಲಿಲ್ಲ.

ಹನ್ನೊಂದಕ್ಕೆ ಮುದುಕರನ್ನೂ ಬಂಧಿಸಿ ಕೋರ್ಟಿಗೆ ಹೊರಡಿಸಿದರು. ಗೇಟಿನ ಬಳಿ ಹನುಮಕ್ಕ ಊಟದ ಡಬ್ಬಿ ಹಿಡಿದು ನಿಂತಿದ್ದರು. ಸೆರಗು ಎಳೆದುಕೊಳ್ಳಲಿಲ್ಲ.

“ಬಾವ, ಒಂದ್ಸಲ ತಲೆ ಎತ್ತಿ. ನಾನೇ.”

ಮುದುಕರ ಕಣ್ಣು ಆ ಸೊಟ್ಟ ಬೆರಳಿನ ಮೇಲೇ ಇತ್ತು.

“ಗೊತ್ತು ಕಣವ್ವ,” ಅಂದರು. ಡಬ್ಬಿ ತೆಗೆದುಕೊಂಡು ಜೀಪು ಹತ್ತಿದರು.