ಮಾಹಿತಿ ಕೊಟ್ಟವರು: ಸ್ಯಾಮ್ಯುಯೆಲ್

"ತಿಂಗಳಿಗೆ ಎರಡೂ ಮುಕ್ಕಾಲು ಪರ್ಸೆಂಟ್ ಅಷ್ಟೇ ಮೇಡಂ," ಎಂದರು ಕ್ರೆಡಿಟ್ ಕಾರ್ಡ್ ಮಾರುತ್ತಿದ್ದವರು.

"ವರ್ಷಕ್ಕೆ?"

"ಮೂವತ್ಮೂರು."

"ಇಲ್ಲ. ಬಡ್ಡಿ ಮೇಲೆ ಬಡ್ಡಿ ಸೇರಿದ್ರೆ ಮೂವತ್ತೆಂಟೂವರೆ."

ಅವರು ವಾದಿಸಲಿಲ್ಲ. ಕ್ಯಾಲ್ಕುಲೇಟರ್ ತೆಗೆದು ಹನ್ನೆರಡು ಸಲ ಗುಣಿಸಿ ನೋಡಿದರು. ಟೈ ಬಿಸಿಲಿಗೆ ಸಡಿಲವಾಗಿತ್ತು. ಹಣೆಯ ಮೇಲೆ ಬೆವರು. ಲೆಕ್ಕ ಮುಗಿಸಿ ಕತ್ತೆತ್ತಿದಾಗ ಕಣ್ಣಲ್ಲಿ ಅವಮಾನವಿರಲಿಲ್ಲ, ಏನೋ ಸಿಕ್ಕಿತೆಂಬ ಖುಷಿಯಿತ್ತು.

"ಒಂದು ವರ್ಷದಿಂದ ತಪ್ಪು ಹೇಳ್ತಿದೀನಲ್ಲ! ನೀವು ಬ್ಯಾಂಕಿನೋರಾ?"

"ಫಿಸಿಕ್ಸ್ ಲೆಕ್ಚರರ್."

"ಅದಕ್ಕೇ," ಎಂದು ನಕ್ಕರು. ಆ ನಗು ಬಲಗೆನ್ನೆಯಲ್ಲಿ ಶುರುವಾಗಿ, ಒಂದು ಕ್ಷಣ ತಡೆದು, ಎಡಗೆನ್ನೆಗೆ ಹೋಗುತ್ತಿತ್ತು. ಅಷ್ಟು ಗಮನಿಸುವ ಅಗತ್ಯ ನನಗಿರಲಿಲ್ಲ.

ಅದು ೨೦೦೪ರ ಜೂನ್. ಕಾಳಿದಾಸ ರಸ್ತೆಯ ಸೂಪರ್‌ಮಾರ್ಕೆಟ್ ಮುಂದೆ, ಬಣ್ಣದ ಕೊಡೆಯ ಕೆಳಗೆ ಮೇಜು ಹಾಕಿಕೊಂಡು ಸ್ಯಾಮ್ಯುಯೆಲ್ ಕ್ರೆಡಿಟ್ ಕಾರ್ಡ್ ಮಾರುತ್ತಿದ್ದರು. ನನಗೆ ಕಾರ್ಡ್ ಬೇಕಿದ್ದದ್ದು ಶೋಕಿಗಲ್ಲ. ಮಾರ್ಚಿನ ಒಂದು ಭಾನುವಾರ ಅಪ್ಪನಿಗೆ ಎದೆನೋವು ಬಂದಾಗ ಆಸ್ಪತ್ರೆಯಲ್ಲಿ ಮುಂಗಡ ಕೇಳಿದರು. ಬ್ಯಾಂಕ್ ಮುಚ್ಚಿತ್ತು, ಎಟಿಎಂ ಕೊಟ್ಟದ್ದು ಸಾಲಲಿಲ್ಲ. ಚಿನ್ನದ ಕೈಬಳೆ ಬಿಚ್ಚಿ ಅಡವಿಡಲು ಚಿಕ್ಕಪ್ಪನ ಕೈಗೆ ಕೊಟ್ಟೆ. ಇನ್ನೊಮ್ಮೆ ಹಾಗಾಗಬಾರದು, ಆದರೆ ಅದಕ್ಕಾಗಿ ಸುಮ್ಮನೆ ದುಡ್ಡು ಸುರಿಯಲೂಬಾರದು. ಅತಿ ಕಡಿಮೆ ಖರ್ಚಿನ ಕಾರ್ಡ್ ಯಾವುದೆಂದು ಹುಡುಕಲು ಒಂದು ಪಟ್ಟಿ ಮಾಡತೊಡಗಿದೆ.

ಪ್ರತಿ ಶನಿವಾರ ಆ ಮೇಜಿಗೆ ಹೋಗುವುದು ರೂಢಿಯಾಯಿತು. ಬೇರೆ ಬ್ಯಾಂಕುಗಳ ಫಾರಂಗಳನ್ನು ಗೆಳೆಯರಿಂದ ತಂದು ಅವರೇ ನನಗೆ ಕೊಡುತ್ತಿದ್ದರು.

"ಎದುರಾಳಿ ಅಂಗಡಿಗೆ ನೀವೇ ದಾರಿ ತೋರಿಸ್ತೀರಲ್ರೀ," ಎಂದೆ ಒಮ್ಮೆ.

"ದಾರಿ ತೋರಿಸಿದ್ರೂ ನೀವು ಹೋಗ್ತಿಲ್ವಲ್ಲ ಮೇಡಂ. ಐದು ವಾರ ಆಯ್ತು."

ನಾನು ಪಟ್ಟಿಯ ಕಡೆ ನೋಡಿದೆ. ಅವರು ನನ್ನ ಕಡೆ ನೋಡುತ್ತಿದ್ದರೆಂದು ಪಟ್ಟಿ ನೋಡುತ್ತಲೇ ಗೊತ್ತಾಯಿತು.

ಆರನೆಯ ವಾರ ಅವರು ದನಿ ತಗ್ಗಿಸಿದರು. "ಇದನ್ನ ಯಾರಿಗೂ ಹೇಳಬಾರದು ಅಂತ ಟ್ರೈನಿಂಗ್‌ನಲ್ಲೇ ಹೇಳಿದಾರೆ. ಹಳೇ ಬಾಕಿ ಒಂದು ರೂಪಾಯಿ ಉಳಿದ್ರೂ, ಹೊಸದಾಗಿ ಕೊಂಡದ್ದಕ್ಕೆಲ್ಲ ಮೊದಲನೇ ದಿನದಿಂದಲೇ ಬಡ್ಡಿ. ಐವತ್ತು ದಿನ ಬಡ್ಡಿ ಫ್ರೀ ಅನ್ನೋದು ಆಗ ಇರಲ್ಲ."

"ನನಗ್ಯಾಕೆ ಹೇಳ್ತಿದೀರಿ?"

"ನಿಮ್ಮ ಲೆಕ್ಕ ತಪ್ಪಾಗಬಾರದು, ಅದಕ್ಕೆ," ಎಂದು ಫಾರಂಗಳನ್ನು ಜೋಡಿಸತೊಡಗಿದರು. ಅವು ಆಗಲೇ ಜೋಡಿಸಿಟ್ಟವೇ ಆಗಿದ್ದವು.

ಅಂದು ಸಂಜೆ ಆ ಮೊದಲ ದಿನದ ಬಡ್ಡಿಯ ಮಾತನ್ನೂ ಸೇರಿಸಿ ಪಟ್ಟಿ ಮುಗಿಸಿದೆ. ಏಳು ಕಾರ್ಡುಗಳಲ್ಲಿ, ಠೇವಣಿ ಇಟ್ಟರೆ ಕೊಡುವ ಒಂದು ಸರ್ಕಾರಿ ಬ್ಯಾಂಕಿನದು ಮೊದಲು. ಸ್ಯಾಮ್ಯುಯೆಲ್ ಅವರದ್ದು ಆರನೆಯದು. ಮಾಹಿತಿ ಯಾರಿಂದ ಬಂತೆಂದು ಬರೆಯದೆ ಯಾವ ಕಾಗದವನ್ನೂ ಮುಗಿಸಿ ನನಗೆ ಅಭ್ಯಾಸವಿಲ್ಲ. ಕೆಳಗೆ ನೀಟಾಗಿ ಬರೆದೆ: "ಮಾಹಿತಿ ಕೊಟ್ಟವರು: ಶ್ರೀ ಸ್ಯಾಮ್ಯುಯೆಲ್, ಮಾರಾಟ ಪ್ರತಿನಿಧಿ. ನೇರ ಮಾತುಕತೆ, ೧೭ ಜುಲೈ." ಬರೆದ ಮೇಲೆ ಆ ಹೆಸರನ್ನು ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ!

ಕಾಲೇಜಿನಲ್ಲಿ ಕೆಮಿಸ್ಟ್ರಿಯ ಪ್ರೇಮಲೀಲಾ ಮೇಡಂ ಅದನ್ನು ಕಂಡರು. "ಎಷ್ಟು ಚೆನ್ನಾಗಿ ಮಾಡಿದೀಯ ಹೇಮಶ್ರೀ! ಒಂದು ಜೆರಾಕ್ಸ್ ತಗೋತೀನಿ ಕಣೇ." ಒಂದು ಇಪ್ಪತ್ತಾಯಿತು. ಮೂವರು ಲೆಕ್ಚರರ್‌ಗಳು ಆ ಕಾಗದ ಹಿಡಿದುಕೊಂಡೇ ಸ್ಯಾಮ್ಯುಯೆಲ್ ಕೆಲಸ ಮಾಡುತ್ತಿದ್ದ ಏಜೆನ್ಸಿಗೆ ಹೋಗಿ, ಕೊಟ್ಟಿದ್ದ ಅರ್ಜಿ ವಾಪಸ್ ಕೇಳಿದರು.

ಮುಂದಿನ ಶನಿವಾರ ಕೊಡೆಯ ಕೆಳಗೆ ಒಬ್ಬ ಹುಡುಗಿ ನಿಂತಿದ್ದಳು.

"ಸ್ಯಾಮ್ ಸರ್‌ನ ತೆಗೆದುಬುಟ್ರು ಮೇಡಂ. ಯಾರೋ ಲಿಸ್ಟ್ ಮಾಡಿ ಅವರ ಹೆಸರು ಹಾಕಿದ್ರಂತೆ. ಎಂಥಾ ಜನ ನೋಡಿ!"

ವಿಳಾಸ ಕೇಳಿಕೊಂಡು, ರಾಜೀವನಗರದ ಬಸ್ ಹತ್ತಿದೆ.

ಬಾಗಿಲು ತೆಗೆದವರು ಅವರ ತಾಯಿ ಆರೋಗ್ಯಮ್ಮ. ಹೆಸರು ಹೇಳಿದೆ. ಅವರು ನನ್ನನ್ನೇ ದಿಟ್ಟಿಸಿದರು. "ಓ, ಲೆಕ್ಕದ ಮೇಡಂ ನೀವೇನಾ? ಶನಿವಾರ ಬಂತು ಅಂದ್ರೆ ನಿಮ್ದೇ ಮಾತಿತ್ತು ಈ ಮನೇಲಿ. ಬಾಮ್ಮ, ಕೂತ್ಕೊ," ಎಂದು ಒಳಗೆ ಹೋದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಸ್ಯಾಮ್ಯುಯೆಲ್ ಬಂದು ನಿಂತರು. ಟೈ ಇಲ್ಲದ ಕತ್ತು ಅಪರಿಚಿತವಾಗಿ ಕಂಡಿತು.

"ನನ್ನ ಹೆಸರು ಯಾಕೆ ಬರೆದ್ರಿ?"

"ಹೇಳಿದೋರ ಹೆಸರು ಬರೀದೇ ಇದ್ರೆ ಅದು ಕಳ್ಳತನ ಅಂತ..."

"ಅದು ನಿಮ್ಮ ಲ್ಯಾಬ್‌ನಲ್ಲಿ ಮೇಡಂ. ನಾನು ಹೇಳಿದ್ದು ನಿಮಗೊಬ್ಬರಿಗೆ."

ನಾನು ಇಡೀ ಸತ್ಯ ಹೇಳಿರಲಿಲ್ಲ.

"ಅದೊಂದೇ ಕಾರಣ ಅಲ್ಲ," ಎಂದೆ. "ನಿಮ್ಮ ಹೆಸರು ಎಲ್ಲಾದ್ರೂ ಬರೀಬೇಕು ಅನ್ನಿಸ್ತಿತ್ತು. ಬರೆಯೋಕೆ ನನಗೆ ಬೇರೆ ಜಾಗ ಇರಲಿಲ್ಲ."

ಅವರು ಕಿಟಕಿಯ ಕಡೆ ತಿರುಗಿದರು.

"ಸಿಟ್ಟು ಇದೆ. ಇನ್ನೂ ಹೋಗಿಲ್ಲ."

"ಇರಲಿ."

"ನೀವಿಲ್ಲಿ ಬಂದಿರೋದು ನಿಮ್ಮ ಮನೇಲಿ ಗೊತ್ತಾ?"

"ಇಲ್ಲ."

"ನಾಲ್ಕು ಜನ ಓದೋ ಕಾಗದದಲ್ಲಿ ನನ್ನ ಹೆಸರು ಬರೆದ್ರಿ. ನಿಮ್ಮಪ್ಪನ ಮುಂದೆ ಅದನ್ನ ಬಾಯಲ್ಲಿ ಹೇಳಿ. ಆಗಲಿಲ್ಲ ಅಂದ್ರೆ ಇಲ್ಲಿಗೆ ಮತ್ತೆ ಬರಬೇಡಿ. ಅಮ್ಮ ಆಸೆ ಇಟ್ಕೋತಾರೆ." ಸ್ವಲ್ಪ ತಡೆದು, "ನಾನೂ," ಎಂದರು.

ಅಪ್ಪ ಸಿದ್ದಮಲ್ಲಪ್ಪ, ಭಾನುವಾರವೂ ಬಾಗಿಲು ತೆಗೆಯುವ ಜವಳಿ ಅಂಗಡಿಯವರು. ಸಂಜೆ ಶ್ರೀರಾಂಪುರದ ಮನೆಗೆ ಬಂದು, ಕೈಕಾಲು ತೊಳೆದು, ಲಿಂಗಪೂಜೆ ಮುಗಿಸಿ ಏಳುವವರೆಗೆ ಕಾದೆ. ಅಮ್ಮ ಹೋದಮೇಲೆ ನಮ್ಮಿಬ್ಬರ ನಡುವೆ ಗುಟ್ಟುಗಳಿರಲಿಲ್ಲ. ಎದೆನೋವಿನ ಮನುಷ್ಯನಿಗೆ ಇದನ್ನು ಹೇಗೆ ಹೇಳುವುದೆಂದು ಹತ್ತು ಸಲ ಯೋಚಿಸಿದೆ. ಸುತ್ತಿಬಳಸಲು ಬರಲಿಲ್ಲ.

"ಅಪ್ಪ, ನಾನೊಬ್ಬರನ್ನ ಇಷ್ಟಪಟ್ಟಿದೀನಿ. ಸ್ಯಾಮ್ಯುಯೆಲ್ ಅಂತ. ನನ್ನಿಂದ ಅವರ ಕೆಲಸ ಹೋಯ್ತು."

ವಿಭೂತಿಯ ಹಣೆ ನಿಧಾನವಾಗಿ ಸುಕ್ಕಾಯಿತು. ಎಲ್ಲವನ್ನೂ ಹೇಳಿದೆ.

"ಕೆಲಸ ಕಳೆದಿದ್ದಕ್ಕೆ ಪ್ರಾಯಶ್ಚಿತ್ತನಾ ಇದು?"

"ಅಲ್ಲಪ್ಪ. ಇಷ್ಟ ಮೊದಲು. ತಪ್ಪು ಆಮೇಲೆ."

ಅಪ್ಪ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ನನಗೆ ಬೆನ್ನು ಮಾಡಿ ಕೂತರು.

ಅದೇ ಹಾಲ್‌ನಲ್ಲಿ ಫೋನ್ ಇತ್ತು. ಸ್ಯಾಮ್ಯುಯೆಲ್‌ಗೆ ಬೇರೆ ಕಡೆ ಹೋಗಿ ಮಾಡಬಹುದಿತ್ತು, ಅಲ್ಲಿಂದಲೇ ಮಾಡಿದೆ.

"ಹೇಳಿದೆ," ಎಂದೆ.

"ಏನಂದ್ರು?"

"ಏನೂ ಅಂತಿಲ್ಲ."

"ನಾಳೆ ಹತ್ತಕ್ಕೆ ಬರ್ತೀನಿ. ಬಾಗಿಲು ತೆಗೀದೇ ಇದ್ರೆ ಹೊರಗೆ ನಿಂತಿರ್ತೀನಿ. ಹೇಗೂ ಈಗ ಬೇರೆ ಕೆಲಸ ಇಲ್ವಲ್ಲ."

ನಗು ಬಂತು, ಅದರ ಜೊತೆಗೇ ಅಳುವೂ. ಫೋನ್ ಇಟ್ಟೆ.

"ಅವರಿಗೇನಾ?" ಅಪ್ಪ ತಿರುಗದೆ ಕೇಳಿದರು.

"ಹೂಂ."

"ಎಷ್ಟೊತ್ತಿಗೆ ಬರ್ತಾರಂತೆ?"

"ಹತ್ತಕ್ಕೆ."

ಹೊರಗೆ ಯಾವುದೋ ಸ್ಕೂಟರ್ ದಾಟಿಹೋಯಿತು. ಅದರ ಸದ್ದು ಪೂರ್ತಿ ಕರಗುವವರೆಗೆ ಅಪ್ಪ ಕಿಟಕಿಯಾಚೆಗೇ ನೋಡುತ್ತಿದ್ದರು.

"ಒಂಬತ್ತೂವರೆಗೆ ನಾನು ಅಂಗಡೀಲಿ ಇರಬೇಕು," ಎಂದರು. "ಒಂಬತ್ತಕ್ಕೆ ಬರೋಕೆ ಹೇಳು."